ಹದಿನಾಲ್ಕು ಸಾವಿರ ಸಾಲು ಬಿಡಿಸಿಟ್ಟ ಗಂಗೋತ್ರಿ

ಬೆಳಗಿನ ಐದು ಗಂಟೆ. ರಾಯದುರ್ಗದ ಕೋಟೆಬೆಟ್ಟದ ಅಂಚು ಇನ್ನೂ ಕಣ್ಣಿಗೆ ಬಿದ್ದಿಲ್ಲ. ಕೆಳಗಿನ ಜೀನ್ಸ್ ಹೊಲಿಗೆ ಯೂನಿಟ್ಟಿನ ಶಟರ್ ಎದ್ದಿಲ್ಲ. ಅದರ ಮೇಲಿನ ಒಂಟಿ ಕೋಣೆಯಲ್ಲಿ ಗಂಗೋತ್ರಿ ಚಾಪೆ ಸುತ್ತಿಟ್ಟು, ಲ್ಯಾಪ್‌ಟಾಪ್ ತೆರೆದು, ಒಂದೇ ಒಂದು ಕೀ ಒತ್ತಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಪರದೆಯ ಮೇಲೆ ಒಣಬಯಲು, ನಲವತ್ತು ಕುರಿ, ಒಂದು ನಾಯಿ, ಕಂಬಳಿ ಹೊದ್ದ ಕುರಿಗಾಹಿ. ಯಾರೂ ಏನೂ ಮುಟ್ಟುತ್ತಿಲ್ಲ. ಆದರೂ ಕುರಿಗಾಹಿ ನಡೆಯುತ್ತಾನೆ, ಸಿಳ್ಳೆ ಹಾಕುತ್ತಾನೆ, ಹಿಂದೆ ಬಿದ್ದ ಮರಿಯನ್ನು ಎತ್ತಿಕೊಳ್ಳುತ್ತಾನೆ.

"ಇದು ತಿಪ್ಪೇಸ್ವಾಮಿಯವ್ರು ಆಡಿದ್ದು ರಿ, ಮೂರು ವರ್ಷದ ಹಿಂದ" ಎನ್ನುತ್ತಾರೆ ಗಂಗೋತ್ರಿ, ಪರದೆಯಿಂದ ಕಣ್ಣು ತೆಗೆಯದೆ. "ಅವ್ರು ಯಾವಾಗ ಎಲ್ಲಿ ಬೆರಳು ಒತ್ತಿದ್ರೋ ಅಷ್ಟೂ ಒಂದು ಫೈಲಿನ್ಯಾಗ ಉಳದೈತಿ. ಅದನ್ನ ಮತ್ತ ಓಡಿಸಿದ್ರ ಆಟ ಹಂಗೇ ನಡೀಬೇಕು. ಕೊನೀಗೆ ಎಲ್ಲಾ ಕುರಿ ಅದೇ ಜಾಗಕ್ಕ ಬಂದು ನಿಲ್ಲಬೇಕು. ನಿಲ್ಲಲಿಲ್ಲಂದ್ರ ನಿನ್ನೆ ನಾನು ಏನೋ ಕೆಡಿಸೀನಿ ಅಂತ."

ಹನ್ನೊಂದು ನಿಮಿಷ ಇಪ್ಪತ್ತು ಸೆಕೆಂಡಿನ ಆಟ ಅದು. ಏಳನೇ ನಿಮಿಷದಲ್ಲಿ ಕುರಿಗಾಹಿ ಒಂದು ಜಾಲಿಮರದ ಕೆಳಗೆ ಸುಮ್ಮನೆ ನಿಂತುಬಿಡುತ್ತಾನೆ. ಕುರಿಗಳು ಅತ್ತಿತ್ತ ಚೆದುರುತ್ತವೆ. ನಾನು ಕಂಪ್ಯೂಟರು ಕೆಟ್ಟಿತೇನೋ ಅಂದುಕೊಂಡೆ. ಗಂಗೋತ್ರಿ ನಗುತ್ತಾರೆ. "ಆಗ ನಾನು ಫೋನ್ ಮಾಡಿದ್ದೆ ರಿ. ರೆಕಾರ್ಡಿಂಗ್ ನಡದೈತಿ, ಆಮ್ಯಾಲೆ ಮಾತಾಡ್ತೀನಿ ಅಂದ್ರು. ಅಂದವ್ರು ನಲವತ್ಮೂರು ಸೆಕೆಂಡ್ ಮಾತಾಡಿದ್ರು." ಪರೀಕ್ಷೆ ಬೇಗ ಮುಗಿಯಲೆಂದು ಆ ಭಾಗವನ್ನು ಕತ್ತರಿಸಿಬಿಡಿ ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಂತೆ. ಇವರು ಕತ್ತರಿಸಿಲ್ಲ. ಚಿತ್ರವೇ ಇಲ್ಲದೆ ಎರಡು ಸೆಕೆಂಡಿನಲ್ಲಿ ಅಷ್ಟೂ ಆಟ ಓಡಿಸಿ ಫಲಿತಾಂಶ ನೋಡುವ ದಾರಿ ಇದೆ. ದಿನಕ್ಕೆ ಮೂವತ್ತು ನಲವತ್ತು ಸಲ ಹಾಗೇ ನೋಡುತ್ತಾರೆ. ಬೆಳಗಿನ ಒಂದು ಸಲ ಮಾತ್ರ ಪೂರ್ತಿ, ನಿಧಾನವಾಗಿ.

ಆಟದ ಹೆಸರು 'ಮಂದೆ'. ಮೊಬೈಲಿನಲ್ಲಿ ಆಡುವಂಥದ್ದು. ಬಳ್ಳಾರಿಯ ನಾಲ್ಕು ಜನರ ಪುಟ್ಟ ಕಂಪನಿಯೊಂದು ಅದನ್ನು ಹೊರತಂದಿತು. ಬರೆದವರು ಮಡಕಶಿರಾ ಹತ್ತಿರದ ಗುಡಿಬಂಡೆಯ ತಿಪ್ಪೇಸ್ವಾಮಿ, ತಲೆಮಾರುಗಳಿಂದ ಕುರಿ ಸಾಕಿದ ಮನೆಯವರು. ಅರವತ್ತು ಸಾವಿರ ಜನ ಆಡುತ್ತಾರೆ. ಮಡಕಶಿರಾದ ಬಸ್‌ಸ್ಟ್ಯಾಂಡಿನಲ್ಲೂ ಆ ಸಿಳ್ಳೆ ಯಾರದೋ ಜೇಬಿನಿಂದ ಕೇಳಿಬರುವುದುಂಟು. ಗಂಗೋತ್ರಿಯ ಹೆಸರು ಆಟದಲ್ಲಿ ಎಲ್ಲಿಯೂ ಇಲ್ಲ.

ಮೂವತ್ತೊಂದರ ಗಂಗೋತ್ರಿ ಇಂಜಿನಿಯರಿಂಗ್ ಓದಿದವರಲ್ಲ. ಬಿ.ಕಾಂ. ಮುಗಿಸಿ, ತಾಯಿ ಸುಂಕಮ್ಮ ಹೊಲಿಯುತ್ತಿದ್ದ ಯೂನಿಟ್ಟಿನಲ್ಲೇ ಎರಡು ವರ್ಷ ಕತ್ತರಿಸಿದ ಬಟ್ಟೆಗೆ ನಂಬರ್ ಚೀಟಿ ಅಂಟಿಸಿದರು. ಆಮೇಲೆ ಕಂಪನಿಗೆ ಸೇರಿದ್ದು ಆಟ ಆಡಿ ತಪ್ಪು ಹುಡುಕುವ ಕೆಲಸಕ್ಕೆ. "ನಾನು ತಪ್ಪು ಹುಡುಕಿ ಬರದು ಕಳಸಿದ್ರ, ತಿಪ್ಪೇಸ್ವಾಮಿಯವ್ರು ಸುಮ್ನ ಸರಿಮಾಡ್ತಿರಲಿಲ್ರಿ. ಬರ್ರಿ ಇಲ್ಲಿ, ಯಾಕ ಹಿಂಗಾತು ನೀವೇ ನೋಡ್ರಿ ಅಂತ ಪಕ್ಕಕ್ಕ ಕುರ್ಚಿ ಹಾಕ್ತಿದ್ರು. ಒಂದೂವರೆ ವರ್ಷ ಆ ಕುರ್ಚೀಲೇ ಕಲ್ತೆ."

ನಿಮ್ಮಿಬ್ಬರ ನಡುವೆ ಏನಾದರೂ ಮಾತಾಗಿತ್ತೇ ಎಂದು ಕೇಳುತ್ತೇನೆ. ಅವರು ಚಹಾ ಲೋಟ ತಿರುಗಿಸುತ್ತಾರೆ. "ಇಲ್ರಿ. ಆಟ ಬಿಡುಗಡೆ ಆಗ್ಲಿ, ನಿಮ್ಮ ಹತ್ರ ಒಂದು ಮಾತು ಐತಿ ಅಂದಿದ್ರು. ಆಟ ಬಿಡುಗಡೆ ಆತು. ಎರಡು ವಾರಕ್ಕ ಹಿಂಗಾತು."

ಆದದ್ದು ಪಾರ್ಶ್ವವಾಯು. ಆಗ ತಿಪ್ಪೇಸ್ವಾಮಿಗೆ ಮೂವತ್ತೆರಡು. ಬಲಗೈ ಬಿತ್ತು. ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ಹೇಳಬೇಕಾದ್ದು ಒಳಗಿದೆ, ಪದ ಸಿಗುವುದಿಲ್ಲ. ಓದಲು ಹೋದರೆ ಉದ್ದನೆಯ ಸಾಲುಗಳು ಕಲಸಿಹೋಗುತ್ತವೆ. ತಾಯಿ ರಂಗಕ್ಕ ಮಗನನ್ನು ಗುಡಿಬಂಡೆಗೆ ಕರೆದೊಯ್ದರು.

ಅವರು ಬಿಟ್ಟುಹೋದ 'ಮಂದೆ' ಒಂದೇ ಫೈಲಿನಲ್ಲಿತ್ತು: ಹದಿನಾಲ್ಕು ಸಾವಿರದ ಇನ್ನೂರ ಹನ್ನೆರಡು ಸಾಲು ಕೋಡ್. ಕುರಿಯ ನಡಿಗೆ, ಮಳೆ, ತೋಳ, ಸದ್ದು, ಬೆರಳಿನ ಸ್ಪರ್ಶ, ಅಂಕ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ತೋಳದ ವೇಗ ಹೆಚ್ಚಿಸಿದರೆ ಹಾಡು ನಿಲ್ಲುತ್ತಿತ್ತು. ಕುರಿ ನೀರು ಕುಡಿಯುವ ಹೊತ್ತನ್ನು ಬದಲಿಸಿದರೆ ನಾಯಿ ಕಲ್ಲಾಗುತ್ತಿತ್ತು. ಬರೆದವರಿಗೆ ಎಲ್ಲವೂ ತಲೆಯಲ್ಲಿತ್ತು. ಆ ತಲೆ ಈಗ ಉತ್ತರ ಕೊಡುತ್ತಿರಲಿಲ್ಲ. ಹೊಸ ಫೋನುಗಳಿಗೆ ಹೊಂದಿಸದಿದ್ದರೆ ಆಟ ಮೊಬೈಲಿನ ಆ್ಯಪ್ ಅಂಗಡಿಯಿಂದ ಮಾಯವಾಗುತ್ತದೆ ಎಂಬ ಗಡುವು ಬಂದಾಗ, ಕಂಪನಿ ನಡೆಸುವ ಶಿವಶಂಕರ್ ಹಳೆಯದನ್ನು ಎಸೆದು ಮೊದಲಿಂದ ಬರೆಸಲು ತೀರ್ಮಾನಿಸಿದರು.

"ನನಗ ಒಂದು ವರ್ಷ ಕೊಡ್ರಿ ಅಂದ್ಲು" ಎಂದು ಶಿವಶಂಕರ್ ನೆನೆಯುತ್ತಾರೆ. "ಹಗಲು ಬ್ಯಾರೆ ಕೆಲಸ ಐತಲ್ಲವಾ ಅಂದೆ. ಬೆಳಗಿನ್ಯಾಗ ಮಾಡ್ತೀನಿ ಅಂದ್ಲು. ಹೊಸಾದು ಬರದ್ರ ಅದು ತಿಪ್ಪೇಸ್ವಾಮಿ ಆಟ ಆಗಂಗಿಲ್ಲ ಅಂತ ಕಣ್ಣಾಗ ನೀರು ತಂದ್ಕೊಂಡ್ಲು. ನಾನು ಹೂಂ ಅಂದೆ. ಆಗಂಗಿಲ್ಲ ಅಂತ್ಲೇ ಅಂದ್ಕೊಂಡಿದ್ದೆ."

ಅಂದಿನಿಂದ ದಿನವೂ ಐದರಿಂದ ಒಂಬತ್ತು. ಮೊದಲ ಎರಡು ತಿಂಗಳು ಒಂದು ಸಾಲನ್ನೂ ಬದಲಿಸಲಿಲ್ಲ, ಬರೀ ಓದಿದರು. ಯಾವುದು ಯಾವುದನ್ನು ಮುಟ್ಟುತ್ತದೆ ಎಂದು ಕಂದು ಕಾಗದದ ಮೇಲೆ ಗೀಟು ಎಳೆದರು. ಆ ಕಾಗದಗಳು ಈಗಲೂ ಗೋಡೆ ತುಂಬ ಇವೆ. ಆಮೇಲೆ ಒಂದೊಂದೇ ತುಂಡು ಬಿಡಿಸಿದರು. ಕುರಿ ಹೇಗೆ ಯೋಚಿಸುತ್ತದೆ ಎಂಬುದು ಒಂದು ಕಡೆ, ಅದು ಪರದೆಯಲ್ಲಿ ಹೇಗೆ ಕಾಣುತ್ತದೆ ಎಂಬುದು ಇನ್ನೊಂದು ಕಡೆ. ಮೇಯುವುದು, ಕುಡಿಯುವುದು, ಬೆದರುವುದು, ಹಿಂಬಾಲಿಸುವುದು ಎಲ್ಲಕ್ಕೂ ಬೇರೆ ಬೇರೆ ಫೈಲು. ವೇಗ, ದೂರ, ಹೊತ್ತು ಮುಂತಾದ ಅಂಕಿಗಳನ್ನೆಲ್ಲ ಕೋಡಿನ ಒಳಗಿಂದ ಹೆಕ್ಕಿ ಚಿಕ್ಕ ಪಟ್ಟಿಗಳಲ್ಲಿ ಇಟ್ಟರು. ಒಂದು ಬೆಳಗ್ಗೆ ಹೆಚ್ಚೆಂದರೆ ಅರವತ್ತು ಸಾಲು. ಒಂದು ಸಲ ಹನ್ನೊಂದು ದಿನದ ಕೆಲಸವನ್ನು ಪೂರ್ತಿ ಅಳಿಸಿ ಹಿಂದಕ್ಕೆ ಹೋದರು. ಈಗ ಎಂಬತ್ತಮೂರು ಫೈಲುಗಳಿವೆ, ಬಹಳಷ್ಟು ಒಂದು ಪರದೆಗೂ ಸಾಲದಷ್ಟು ಚಿಕ್ಕವು. ಹೆಸರುಗಳೆಲ್ಲ ಕನ್ನಡದ ಸಣ್ಣ ಪದಗಳು: ಕುರಿ, ನಾಯಿ, ನೀರು, ಸಿಳ್ಳೆ.

"ಆಡೋರಿಗೆ ಏನೂ ಗೊತ್ತಾಗಂಗಿಲ್ರಿ. ಏನೂ ಬದಲಾಗಿಲ್ಲ ಅಂದ್ರ ನನ್ನ ಕೆಲಸ ಚಲೋ ಆಗೈತಿ ಅಂತ ಅರ್ಥ."

ಹಳೆಯ ಫೈಲಿನ ತುಂಬ ತಿಪ್ಪೇಸ್ವಾಮಿ ತಮಗೆ ತಾವೇ ಬರೆದುಕೊಂಡ ಟಿಪ್ಪಣಿಗಳಿದ್ದವು. 'ಇದು ಯಾಕೆ ಓಡ್ತೈತೋ ದೇವರೇ ಬಲ್ಲ'. 'ಹೊಟ್ಟೆ ಹಸಿದೈತೆ, ಮಿಕ್ಕಿದ್ದು ನಾಳೆ'. ನೀರಿನ ಭಾಗದ ಮೇಲೆ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ: 'ಇಕ್ಕಡ ಯಾರೂ ಮುಟ್ಟಬ್ಯಾಡಿ'. ಅಚ್ಚುಕಟ್ಟಾದ ಕೋಡಿನಲ್ಲಿ ಇಂಥವು ಇರಬಾರದು. ಗಂಗೋತ್ರಿ ಅವನ್ನು ತೆಗೆದರು. ತೆಗೆದದ್ದನ್ನೆಲ್ಲ 'ಮಾತು' ಎಂಬ ಫೈಲಿನಲ್ಲಿ ಇಟ್ಟಿದ್ದಾರೆ. ಆಟ ಅದನ್ನು ಓದುವುದಿಲ್ಲ. "ನಾನು ಓದ್ತೀನ್ರಿ" ಎನ್ನುತ್ತಾರೆ.

ಹದಿನೈದು ದಿನಕ್ಕೊಂದು ಭಾನುವಾರ ಅವರು ಗುಡಿಬಂಡೆಗೆ ಹೋಗುತ್ತಾರೆ. ಈ ಸಲ ನಾನೂ ಜೊತೆಯಾಗಿದ್ದೇನೆ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಾಯಿಸಿ, ಮಡಕಶಿರಾದಲ್ಲಿ ಇಳಿದು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಲ್ಯಾಪ್‌ಟಾಪ್ ಚೀಲ ಮಡಿಲಲ್ಲಿ. ಮನೆಯ ಮುಂದೆ ಬೇವಿನ ಮರದಡಿ ಮಂಚದ ಮೇಲೆ ತಿಪ್ಪೇಸ್ವಾಮಿ ಕೂತಿದ್ದಾರೆ. ಗಂಗೋತ್ರಿಯನ್ನು ಕಂಡು ಎಡಗೈ ಎತ್ತುತ್ತಾರೆ. ಬಾಯಿ ಏನೋ ಹುಡುಕಿ ಸುಮ್ಮನಾಗುತ್ತದೆ.

"ಅವುನ್ಗೆ ಎಲ್ಲಾ ತಿಳೀತೈತೆ ಕಣಪ್ಪ, ಬಾಯಿಗೆ ಬರಾಕಿಲ್ಲ ಅಷ್ಟೇಯ" ಎಂದು ರಂಗಕ್ಕ ನನಗೆ ಹೇಳುತ್ತಾರೆ. ಗಂಗೋತ್ರಿಯ ಕಡೆ ತಿರುಗಿ, "ಬಾರವ್ವ, ಮೊದ್ಲು ನೀರ್ ಕುಡಿ" ಅನ್ನುತ್ತಾರೆ.

ಗಂಗೋತ್ರಿ ಮಂಚದ ಅಂಚಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆಯುತ್ತಾರೆ. ಹಿಂದೆಲ್ಲ ಹಳೆಯ ಫೈಲು ತೋರಿಸಿದಾಗ ತಿಪ್ಪೇಸ್ವಾಮಿ ಮುಖ ತಿರುಗಿಸಿಬಿಡುತ್ತಿದ್ದರಂತೆ. ಹಾಗಾಗಿ ವರ್ಷದಿಂದ ಕೋಡ್ ತೋರಿಸಿಲ್ಲ, ಆಟ ಮಾತ್ರ ಆಡಿಸುತ್ತಿದ್ದರು. ಇವತ್ತು ಆಟ ತೆರೆಯುವ ಮೊದಲು ಫೈಲುಗಳ ಪಟ್ಟಿ ಪರದೆಯ ಮೇಲೆ ಬರುತ್ತದೆ. ತಿಪ್ಪೇಸ್ವಾಮಿ ಮುಂದಕ್ಕೆ ಬಾಗುತ್ತಾರೆ. ಎಡಗೈ ಬೆರಳು ಒಂದು ಹೆಸರಿನ ಮೇಲೆ ನಿಲ್ಲುತ್ತದೆ.

"ನೀ... ನೀರು."

ಗಂಗೋತ್ರಿ ಆ ಫೈಲು ತೆರೆಯುತ್ತಾರೆ. ಎಂಟೇ ಸಾಲು. ತಿಪ್ಪೇಸ್ವಾಮಿ ತುಟಿ ಅಲ್ಲಾಡಿಸುತ್ತ ಒಂದೊಂದಾಗಿ ಇಳಿಯುತ್ತಾರೆ. ಕುರಿ ಕುಡಿಯುವ ಹೊತ್ತು ಎಂಬಲ್ಲಿ ನಾಲ್ಕು ಸೆಕೆಂಡು ಎಂದಿದೆ. ಅವರು ತಲೆಯಾಡಿಸಿ, ಕೀಬೋರ್ಡಿಗೆ ಕೈ ಚಾಚಿ, ನಾಲ್ಕನ್ನು ಅಳಿಸಿ ಒಂಬತ್ತು ಒತ್ತುತ್ತಾರೆ. ಕೈತಪ್ಪಿ ಒತ್ತಿದರೆಂದು ಗಂಗೋತ್ರಿ ಮತ್ತೆ ನಾಲ್ಕು ಮಾಡುತ್ತಾರೆ. ತಿಪ್ಪೇಸ್ವಾಮಿ ಸಿಟ್ಟಾಗಿ ಮಂಚ ಬಡಿಯುತ್ತಾರೆ. ಮತ್ತೆ ಒಂಬತ್ತು.

"ಕುರಿ... ತಡ. ಕುರಿ ತಡ."

ನಮಗಿಬ್ಬರಿಗೂ ಅರ್ಥವಾಗುವುದಿಲ್ಲ. ಬಾಗಿಲಲ್ಲಿ ನಿಂತ ರಂಗಕ್ಕನಿಗೆ ಆಗುತ್ತದೆ. "ದಿಟವಾಗ್ಲೂ ಕಣವ್ವ. ಕುರಿ ಗಟಗಟ ಕುಡಿಯಾಕಿಲ್ಲ, ನಿಧಾನುಕ್ಕೆ ಕುಡೀತೈತೆ. ನಿಮ್ ಆಟ್ದಾಗೆ ಬಾಯಿ ಇಟ್ಟಂಗೆ ಇಟ್ಟು ಎದ್ದೋಯ್ತಾವೆ. ನಾನೂ ನೋಡೀನಿ, ಹೇಳಿರ್ನಿಲ್ಲ."

ಗಂಗೋತ್ರಿ ಆಟ ಓಡಿಸುತ್ತಾರೆ. ಕುರಿಗಳು ನೀರಿನ ಕುಂಟೆಯ ಅಂಚಿಗೆ ಬಂದು ಬಾಯಿ ಹಾಕಿ ಕುಡಿಯುತ್ತಲೇ ಇರುತ್ತವೆ. ನಾಯಿ ಕಲ್ಲಾಗುವುದಿಲ್ಲ. ಸುತ್ತ ಓಡಾಡುತ್ತದೆ. ಹಾಡು ನಿಲ್ಲುವುದಿಲ್ಲ. ಯಾರೂ ಮುಟ್ಟಬಾರದೆಂದು ಬರೆದಿಟ್ಟ ಜಾಗ ಇದೇ. ತಪ್ಪು ಎಂದು ತಿಪ್ಪೇಸ್ವಾಮಿಗೆ ಮೊದಲಿಂದ ಗೊತ್ತಿತ್ತು. ಮುಟ್ಟಿದರೆ ಬೇರೆಲ್ಲ ಮುರಿಯುತ್ತಿದ್ದುದರಿಂದ ಹಾಗೇ ಬಿಟ್ಟಿದ್ದರು. ಈಗ ಒಂದು ಅಂಕಿ ಬದಲಾಗಿದೆ, ಒಂದೇ ಸಂಗತಿ ಬದಲಾಗಿದೆ. ತಿಪ್ಪೇಸ್ವಾಮಿ ಪರದೆ ನೋಡುತ್ತ ಗಟ್ಟಿಯಾಗಿ ನಗುತ್ತಾರೆ. ಗಂಗೋತ್ರಿ ಎದ್ದು ಬೇವಿನ ಮರದ ಆಚೆ ಹೋಗಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ.

ಸೋಮವಾರ ಬೆಳಗ್ಗೆ ರಾಯದುರ್ಗದಿಂದ ಗಂಗೋತ್ರಿಯ ಫೋನು. ಹಳೆಯ ರೆಕಾರ್ಡಿಂಗ್ ಓಡಿಸಿದ್ದಾರೆ. ಕುರಿಗಳು ನೀರಿನ ಹತ್ತಿರವೇ ಉಳಿದವು, ಕುರಿಗಾಹಿ ಒಬ್ಬನೇ ಮುಂದೆ ಹೋದ, ತೋಳ ಹದಿನಾರನ್ನು ಒಯ್ದಿತು. ಒಂಬತ್ತನ್ನು ಉಳಿಸಿಕೊಂಡರೆ ಆ ರೆಕಾರ್ಡಿಂಗ್ ಇನ್ನು ಯಾವ ಪರೀಕ್ಷೆಗೂ ಬಾರದು. ನಾಲ್ಕಕ್ಕೆ ಹಿಂತಿರುಗಿದರೆ ಮೂರು ವರ್ಷದ ಹಿಂದಿನ ಆ ಕೈ ದಿನವೂ ಹಾಗೇ ಆಡುತ್ತಿರುತ್ತದೆ.

"ಏನು ಮಾಡಿದಿರಿ?"

"ಒಂಬತ್ತೇ ಇಟ್ಟೀನ್ರಿ. ಅದು ಹಳೇದು. ಇದು ನಿನ್ನೆ ಅವ್ರು ಹೇಳಿದ್ದು. ಪರೀಕ್ಷೆಗೆ ಹೊಸ ರೆಕಾರ್ಡಿಂಗ್ ನಾನೇ ಆಡಿ ಮಾಡ್ಕೊಂಡೆ. ಅದನ್ನ ಎರಡು ಸೆಕೆಂಡಿನ್ಯಾಗ ಓಡಿಸಿಬಿಡ್ತೀನ್ರಿ, ನನ್ನ ಆಟ ನಾನೇನು ಕುಂತು ನೋಡ್ಲಿ?"

ಗಡುವಿಗೆ ಒಂಬತ್ತು ದಿನ ಮೊದಲೇ ಹೊಸ ಆವೃತ್ತಿ ಹೊರಟಿದೆ. ಏನೇನು ಬದಲಾಗಿದೆ ಎಂದು ಆಡುವವರಿಗೆ ತಿಳಿಸುವ ಜಾಗದಲ್ಲಿ ಗಂಗೋತ್ರಿ ಬರೆದದ್ದು ಒಂದೇ ಸಾಲು: ಕುರಿಗಳು ಈಗ ನಿಧಾನವಾಗಿ ನೀರು ಕುಡಿಯುತ್ತವೆ, ತಿದ್ದಿದವರು ತಿಪ್ಪೇಸ್ವಾಮಿ. ನಿಮ್ಮ ಹೆಸರನ್ನೂ ಹಾಕಬಹುದಿತ್ತಲ್ಲ ಎಂದರೆ, ಅದಕ್ಕೆ ಜಾಗ ಎಲ್ಲಿದೆ ಎಂದು ಮಾತು ಮರೆಸುತ್ತಾರೆ.

ಇನ್ನೇನು ಆಸೆ ಎಂದು ಕೊನೆಗೆ ಕೇಳುತ್ತೇನೆ.

"ಮುಂದಿನ ಸಲ ಹೋದಾಗ ಇನ್ನೊಂದು ಫೈಲು ಓದಿದ್ರ ಸಾಕ್ರಿ. ದೊಡ್ಡದು ಬ್ಯಾಡ. 'ಸಿಳ್ಳೆ' ಅಂತ ಒಂದು ಐತಿ, ಆರೇ ಸಾಲು."