ನಾಲ್ಕು ಗಂಟೆಯ ಫೋನು

ವನಜಾ, ನಿನ್ನ ಎಡಗಿವಿ ಕೆಡಿಸಿದವನು ನಾನು. ನೀನು ಬಚ್ಚಲಲ್ಲಿ ಜಾರಿ ಬೀಳಲಿಲ್ಲ. ಇದು ನಿನಗೆ ಗೊತ್ತು, ನನಗೆ ಗೊತ್ತು — ಉಳಿದವರಿಗೆಲ್ಲ ನಾನು ಬೇರೆ ಕಥೆ ಹೇಳಿದೆ. ಆಮೇಲೆ ಅದಕ್ಕಿಂತ ಹೊಲಸಾದ ಇನ್ನೊಂದನ್ನೂ ಹೇಳಿದೆ.

ಮದುವೆಯಾದ ಹೊಸತರಲ್ಲಿ ನಾವು ಕ್ಯಾತ್ಸಂದ್ರದ ಬಾಡಿಗೆ ಮನೆಯಲ್ಲಿದ್ದೆವು. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ನೀನು ದಿನಾ ಬಸ್ಸು ಹಿಡಿದು ಕುಣಿಗಲ್ಲಿಗೆ ಹೋಗಿ ಬಾಟನಿ ಪಾಠ ಮಾಡಿ ಬರುತ್ತಿದ್ದೆ. ವಿದೇಶದಲ್ಲಿ ಪಿಎಚ್.ಡಿ. ಮಾಡುವ ಹುಚ್ಚು ಇದ್ದದ್ದು ನನಗೆ. ಮೂರು ವರ್ಷ ಅರ್ಜಿ ಹಾಕಿದೆ. ನನ್ನ ಇಂಗ್ಲಿಷ್ ತಿದ್ದಿದ್ದು ನೀನು, ಡಿಟಿಪಿ ಅಂಗಡಿಯಲ್ಲಿ ಕೂತು ಟೈಪ್ ಮಾಡಿಸಿದ್ದು ನೀನು, ಲಕೋಟೆ ಅಂಟಿಸಿದ್ದೂ ನೀನೇ. ಎಲ್ಲ ಕಡೆಯಿಂದ ಬಂದದ್ದು ಒಂದೇ ಉತ್ತರ — ವಿಷಾದಿಸುತ್ತೇವೆ ಅಂತ.

ನಾಲ್ಕನೇ ವರ್ಷ, ದಸರಾ ರಜದ ಒಂದು ಮಧ್ಯಾಹ್ನ, ನೀನು ಫೋನಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

"ನಾಲ್ಕು ಗಂಟೆಗೆ ಇಂಗ್ಲೆಂಡಿಂದ ಫೋನ್ ಬರುತ್ತೆ ರೀ. ನಂಗೆ ಇಂಟರ್‌ವ್ಯೂ. ರಾಗಿ ಬೆಂಕಿರೋಗದ ಮೇಲೆ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಸಿಗಲ್ಲ ಅಂದ್ಕೊಂಡಿದ್ದೆ. ನಿಮ್ದು ಬರೆದೂ ಬರೆದೂ ಹೆಂಗ್ ಬರೀಬೇಕು ಅಂತ ತಿಳೀತು, ಅಷ್ಟೇ."

ನೀನು ಚುಚ್ಚಿ ಹೇಳಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಹೊಡೆದೆ.

ಕುಡಿದಿರಲಿಲ್ಲ. ಮೊದಲ ಏಟಿಗೆ ನೀನು ಕುರ್ಚಿ ಸಮೇತ ಉರುಳಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು — ನಿಲ್ಲಿಸಲಿಲ್ಲ. ಜಡೆ ಹಿಡಿದು ಎಬ್ಬಿಸಿ, ಅಂಗೈ ಬೀಸಿ ಎಡಗಿವಿಯ ಮೇಲೆ ಬಾರಿಸಿದೆ. ಮತ್ತೆ ಅಲ್ಲಿಗೇ. ನಿನ್ನ ತಲೆಯನ್ನು ಬೀರುವಿನ ಬಾಗಿಲಿಗೆ ಗುದ್ದಿದೆ. ತಗಡು ಒಳಕ್ಕೆ ಹೋಯಿತು. ನೀನು ಕಿರುಚಲಿಲ್ಲ. "ಬಾಯಿಗೆ ಹೊಡೀಬೇಡಿ, ಮಾತಾಡ್ಬೇಕು" ಅಂದೆ, ಅಷ್ಟೇ. ಅದನ್ನು ಕೇಳಿ ನನ್ನ ಕೈ ಇನ್ನೂ ಬಿರುಸಾಯಿತು — ಇಷ್ಟು ಹೊಡೆದರೂ ನೀನು ಆ ನಾಲ್ಕು ಗಂಟೆಯನ್ನೇ ಕಾಯುತ್ತಿದ್ದೀಯಲ್ಲ ಅಂತ...

ಫೋನು ರಿಂಗಾಯಿತು. ನಾನು ಬಿಟ್ಟದ್ದು ಅದಕ್ಕೆ. ಕರುಣೆ ಬಂದು ಅಲ್ಲ.

ನೀನು ತೆವಳಿ ಹೋಗಿ ರಿಸೀವರ್ ಎತ್ತಿದೆ. ಎಡಗಿವಿಗೆ ಇಟ್ಟುಕೊಂಡೆ. ಕೇಳಿಸಲಿಲ್ಲವೇನೋ, ಬಲಗಿವಿಗೆ ಬದಲಾಯಿಸಿದೆ. ಕುತ್ತಿಗೆಗೆ ರಕ್ತ ಇಳಿಯುತ್ತಿತ್ತು. ನಾನು ವೈರು ಕೀಳಲು ಕೈ ಚಾಚಿದಾಗ ನೀನು ಮೇಜಿನ ಮೇಲಿದ್ದ ಕತ್ತರಿ ತೆಗೆದು ನನ್ನ ಹೊಟ್ಟೆಗೆ ಹಿಡಿದೆ. ನಾನು ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನೀನು ಚುಚ್ಚುತ್ತಿದ್ದೆ. ನಿನ್ನ ಕಣ್ಣು ನೋಡಿದ ನನಗೆ ಅನುಮಾನ ಉಳಿದಿರಲಿಲ್ಲ. ನೀನು ಕತ್ತರಿ ಇಳಿಸದೆ, ದನಿ ನಡುಗದ ಹಾಗೆ, ರಾಗಿ ತೆನೆಗೆ ರೋಗ ಹೇಗೆ ಹತ್ತುತ್ತದೆ ಅಂತ ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದೆ.

ಡಾಕ್ಟರ ಹತ್ತಿರ ಬಚ್ಚಲು ಅಂದವನು ನಾನು. ಕಿವಿಯ ತಮಟೆ ಹರಿದಿದೆ ಅಂದರು.

ಸೀಟು ಸಿಕ್ಕ ಕಾಗದ ಬಂದ ದಿನವೇ ನೀನು ಸಿ.ಎಸ್. ಪುರದ ತವರಿಗೆ ಹೋದೆ. ನೀನು ವಿಮಾನ ಹತ್ತುವ ಒಂದು ವಾರ ಮುಂಚೆ ನಾನು ಗುಬ್ಬಿಯಲ್ಲಿ ನಿಮ್ಮಪ್ಪನನ್ನು ಕಂಡೆ. ಇಂಗ್ಲೆಂಡಿನಲ್ಲಿ ಅವಳಿಗೊಬ್ಬ ಗಂಡಸು ಇದ್ದಾನೆ, ಎಲ್ಲ ಅವನದೇ ಏರ್ಪಾಡು ಅಂದೆ. ಅವರು ಏನೂ ಕೇಳದೆ ನಂಬಿದರು. ನಿನ್ನನ್ನು ಬಸ್ಸು ಹತ್ತಿಸಲೂ ಬರಲಿಲ್ಲವಂತೆ. ನೀನು ಬರೆದ ಕಾಗದಗಳನ್ನು ಒಡೆಯದೆ ಒಲೆಗೆ ಹಾಕುತ್ತಿದ್ದರಂತೆ. ಅವರು ಸತ್ತ ಸುದ್ದಿ ನಿನಗೆ ಮುಟ್ಟಿದ್ದು ತಿಥಿ ಕಳೆದ ಮೇಲೆ.

ಇಷ್ಟು ವರ್ಷದ ಮೇಲೆ, ಮೊನ್ನೆ, ಸಿ.ಎಸ್. ಪುರಕ್ಕೆ ಹೋಗಿ ನಿಮ್ಮಮ್ಮನ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಹೋಗಾಕ್ ಮುಂಚೆ ಕಿವಿ ತೋರ್ಸಿ ಎಲ್ಲಾ ಹೇಳಿದ್ಲು ಕಣಪ್ಪ," ಅಂದರು. "ನಾವು ನಿನ್ ಮಾತೇ ದಿಟ ಅಂದ್ಕೊಂಡ್ವಿ. ಸುಳ್ಳು ಬೊಗಳಬ್ಯಾಡ ಅಂತ ನಾನೂ ಕೆನ್ನೆಗೆ ಹಾಕ್ದೆ."

ಆ ಏಟೂ ನನ್ನದೇ, ವನಜಾ.