ಒಳಗಿದ್ದವರಿಗಷ್ಟೇ ತೆರೆಯುವ ಬಾಗಿಲು

ಶಿಕ್ಷಣ ಕಚೇರಿಯ ವೆಬ್‌ಸೈಟ್ ನೋಡಿಕೊಳ್ಳುವ ಆ ಮಹಾನುಭಾವನಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಪಂಡಿತ. ಅದು ಹೊಗಳಿಕೆಯೆಂದೇ ಆತ ನಂಬಿದ್ದ. ಸೈಟ್ ತೆರೆಯುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ಸಾಕು, ಮೂಗು ಮುರಿಯುತ್ತ ತನ್ನ ಕಂಪ್ಯೂಟರ್‌ನಲ್ಲಿ ಅದೇ ಪುಟ ಒತ್ತುತ್ತಿದ್ದ. ಅಲ್ಲಿ ಅದು ಥಟ್ಟನೆ ತೆರೆಯುತ್ತಿತ್ತು. "ನಮ್ಮಲ್ಲಿ ಸರಿಯಾಗೇ ಇದೆ, ನಿಮ್ಮ ನೆಟ್ ನೋಡ್ಕೊಳ್ಳಿ" ಎಂದು ಫೋನ್ ಕುಕ್ಕುತ್ತಿದ್ದ. ಊರಿನವರೆಲ್ಲ ದಡ್ಡರು ಎಂದು ನಂಬಿಕೊಂಡು ಬದುಕುವುದು ಸುಲಭ, ಅದಕ್ಕೆ ತಲೆಯೇನೂ ಖರ್ಚಾಗುವುದಿಲ್ಲ.

ಹೆಂಡತಿ ಟೀಚರ್. ದೂರದ ಶಾಲೆ, ಅಲ್ಲೇ ಬಾಡಿಗೆ ಕೋಣೆ. ಮನೆಗೆ ಬರುವುದು ರಜೆಗೆ ಮಾತ್ರ. ಮಗಳು ಅಪ್ಪ, ಅಜ್ಜಿಯ ಜೊತೆ ಬೆಳೆಯುತ್ತಿದ್ದಳು. ಈ ಸಲದ ವರ್ಗಾವಣೆಯಲ್ಲಿ ಮನೆಯ ಪಕ್ಕದ ಬೀದಿಯ ಶಾಲೆಯಲ್ಲೇ ಒಂದು ಜಾಗ ಖಾಲಿ ಬಿದ್ದಿತ್ತು. ಸೈಟ್‌ನಲ್ಲಿ ಯಾರು ಮೊದಲು ಆರಿಸುತ್ತಾರೋ ಅದು ಅವರಿಗೆ. ತಾಯಿ ಮಗಳು ಅದೊಂದನ್ನೇ ಜಪ ಮಾಡುತ್ತ ಕೂತಿದ್ದರು.

ಜಾಗ ಆರಿಸುವ ದಿನ ಬೆಳಿಗ್ಗೆಯೇ ಹೆಂಡತಿಯ ಫೋನ್ ಬಂತು.

"ರೀ, ಪಾಸ್‌ವರ್ಡ್ ಹಾಕಿದ ತಕ್ಷಣ ಪೇಜ್ ಖಾಲಿ ಆಗ್ತಿದೆ. ಊರಿಗೆ ಹೋಗಿರೋ ನಮ್ಮ ಹೆಡ್‌ಮಿಸ್ಟ್ರೆಸ್ ಫೋನಲ್ಲಿ ಚೆನ್ನಾಗೇ ಬರ್ತಿದೆಯಂತೆ."

"ಅಂದ್ಮೇಲೆ ತಪ್ಪು ನಿಂದೇ ಅಂತಾಯ್ತಲ್ಲ."

"ಮೇಲೆ ವಿಳಾಸದ ಕೊನೇಲಿ 8080 ಅಂತ ಏನೋ ಬರ್ತಿದೆ."

"ಅದೆಲ್ಲ ನಿಂಗ್ಯಾಕೆ? ಸುಮ್ನೆ ಒತ್ತುತ್ತಾ ಇರು."

"ಹಾಗಿದ್ರೆ ನೀವೇ ಅಲ್ಲಿಂದ ಆರಿಸ್ಬಿಡಿ, ದಮ್ಮಯ್ಯ."

"ಹೆಂಡ್ತಿ ಕೆಲಸ ಆಫೀಸಲ್ಲಿ ಕೂತು ಮಾಡ್ದ ಅಂತ ನನ್ನ ಹೆಸರು ಕೆಡಿಸ್ಬೇಕಾ? ಮಕ್ಕಳಿಗೆ ಪಾಠ ಹೇಳ್ತೀಯ, ಒಂದು ಬಟನ್ ಒತ್ತೋಕ್ ಬರಲ್ವಾ?"

ಇಷ್ಟು ಹೇಳಿ ಎದುರು ಮೇಜಿನ ಗುಮಾಸ್ತನ ಕಡೆ ನೋಡಿ ನಕ್ಕ. ಗುಮಾಸ್ತ ನಗಲಿಲ್ಲ.

ಆಗಿದ್ದಿಷ್ಟೇ. ಹೊರಗಿನಿಂದ ಬರುವ ಎಲ್ಲರನ್ನೂ ಮೊದಲು ತಡೆದು ಒಳಗೆ ಕಳಿಸಲು ಪ್ರಾಕ್ಸಿ ಎಂಬುದೊಂದಿದೆ. ಅದರ ಹಿಂದೆ ಎರಡು ಸರ್ವರ್; ಬಂದವರನ್ನು ಅದು ಇವೆರಡಕ್ಕೆ ಹಂಚುತ್ತದೆ. ಒಮ್ಮೆ ಯಾವುದಕ್ಕೆ ಬಿದ್ದರೋ ದಿನವಿಡೀ ಅದೇ ಗತಿ. ಎರಡನೆಯದನ್ನು ಪಂಡಿತನೇ ಸ್ವಹಸ್ತದಿಂದ ಕೂರಿಸಿದ್ದ. ಅದಕ್ಕೆ ಹೊರಗಿನ ವಿಳಾಸ ಹೇಳಿಕೊಡುವುದನ್ನು ಮರೆತಿದ್ದರಿಂದ, ಪಾಸ್‌ವರ್ಡ್ ಹಾಕಿದವರನ್ನೆಲ್ಲ ಅದು 8080 ಎಂಬ ತನ್ನ ಒಳಗಿನ ಪೋರ್ಟ್‌ಗೆ ಅಟ್ಟುತ್ತಿತ್ತು. ಹೊರಗಿನವರಿಗೆ ಆ ಪೋರ್ಟ್ ಮುಚ್ಚಿದ ಬಾಗಿಲು. ಕಚೇರಿಯೊಳಗೆ ಕೂತವನಿಗೆ ಎಲ್ಲ ಬಾಗಿಲೂ ತೆರೆದೇ ಇರುತ್ತವೆ. ಪಂಡಿತ ಅಲ್ಲೇ ಕೂತು ಪರೀಕ್ಷೆ ಮಾಡಿ, ಅಲ್ಲೇ ಬೀಗುತ್ತಿದ್ದ.

ಮಧ್ಯಾಹ್ನ ಟೀ ಕುಡಿಯಲು ಬೀದಿಗಿಳಿದಾಗ ಕಚೇರಿಯ ವೈಫೈ ಕೈಬಿಟ್ಟಿತು. ಅಂಗಡಿಯವನಿಗೆ ತನ್ನ ಸೈಟ್ ತೋರಿಸಿ ಜಂಭ ಕೊಚ್ಚಿಕೊಳ್ಳಲು ಹೋದವನ ಮೊಬೈಲ್‌ನಲ್ಲಿ ಪಾಸ್‌ವರ್ಡ್ ಹಾಕುತ್ತಲೇ ಪುಟ ಖಾಲಿಯಾಯಿತು. ವಿಳಾಸದ ಕೊನೆಯಲ್ಲಿ 8080. ಮುಖ ಕಪ್ಪಿಟ್ಟಿತು. ಟೀ ಅಲ್ಲೇ ಬಿಟ್ಟು ಏದುಸಿರು ಬಿಡುತ್ತ ಮೇಲೆ ಓಡಿದ. ಒಂದೇ ಸಾಲು ತಿದ್ದಿದ, ಎಲ್ಲ ಸರಿಹೋಯಿತು. ಕುರ್ಚಿಗೆ ಒರಗುವಷ್ಟರಲ್ಲಿ ಆ ನಾಚಿಕೆಯೂ ಮಾಯವಾಗಿ, ಭಾರೀ ತೊಡಕು ಬಿಡಿಸಿದ ಠೀವಿ ಬಂದುಬಿಟ್ಟಿತ್ತು. ಅದೇ ಠೀವಿಯಲ್ಲಿ ಹೆಂಡತಿಗೆ ಫೋನ್ ಮಾಡಿದ.

"ಈಗ ನೋಡು, ಓಪನ್ ಆಗುತ್ತೆ."

"ಆಯ್ತು, ಈಗಷ್ಟೇ ನೋಡ್ದೆ. ಮನೆ ಹತ್ರದ ಜಾಗ ಹೋಗಿದೆ. ಉಳಿದಿದ್ರಲ್ಲಿ ಇನ್ನೂ ದೂರದ್ದೊಂದನ್ನ ಆರಿಸ್ದೆ. ಅಲ್ಲಿ ಇರೋಕೆ ಮನೆ ಕೊಡ್ತಾರಂತೆ. ಮಗಳನ್ನ ನನ್ನ ಜೊತೇಲೇ ಕರ್ಕೊಂಡು ಹೋಗ್ತೀನಿ."

ಪಂಡಿತ ತನಗೆ ಗೊತ್ತಿದ್ದನ್ನೇ ಹೇಳತೊಡಗಿದ. "ಎಷ್ಟು ಸಣ್ಣ ತಪ್ಪು ಗೊತ್ತಾ? ಎರಡನೇ ಸರ್ವರ್‌ನಲ್ಲಿ ಒಂದೇ ಒಂದು ಸಾಲು..."

"ಆ ಸರ್ವರ್ ಕೂರಿಸಿದ್ದು ಯಾರು?" ಎಂದಳು ಅವಳು. ಉತ್ತರಕ್ಕೆ ಕಾಯದೆ ಫೋನ್ ಇಟ್ಟಳು.