ಹುಳು ಮಲಗುವ ದಿನ

ಮಕ್ಕಳೇ, ಅದು ಮಹಾಯುದ್ಧದ ಕಾಲ, ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ಮುಳಬಾಗಿಲು ತಾಲ್ಲೂಕಿನ ನಮ್ಮೂರಿನ ಸರ್ಕಾರಿ ರೇಷ್ಮೆ ಸಾಕಣೆ ಮನೆಯಲ್ಲಿ ನಾನು ಸಹಾಯಕಿಯಾಗಿದ್ದೆ. ಆ ವರ್ಷ ಸೈನ್ಯದವರು ಊರಾಚೆಯ ಬೆಟ್ಟದ ತಪ್ಪಲನ್ನು ಗುಂಡಿನ ಅಭ್ಯಾಸಕ್ಕೆ ತೆಗೆದುಕೊಂಡರು. ನಮ್ಮ ಹಿಪ್ಪುನೇರಳೆ ತೋಟಗಳು ಅದರ ಗಡಿಗೆ ಅಂಟಿಕೊಂಡಿದ್ದವು. ಕೆಂಪು ಬಾವುಟ ಹಾರಿದ ದಿನ ಯಾರೂ ತೋಟಕ್ಕೆ ಹೋಗುವಂತಿಲ್ಲ. ಒಂದು ದಿನ ಸೊಪ್ಪು ತಪ್ಪಿದರೂ ಹುಳು ಸೊರಗುತ್ತದೆ.

ತಾಲ್ಲೂಕಿನ ಅಮಲ್ದಾರರೂ ಸೈನ್ಯದ ಕ್ಯಾಪ್ಟನ್ನನೂ ಬಂದು ಚಾವಡಿಯಲ್ಲಿ ಸಭೆ ಸೇರಿತು. "ಹೆಂಗಸ್ರು ವಾರಕ್ಕೊಂದಿನ ಮನೇಲಿದ್ರೆ ಏನೂ ಮುಳುಗೋಗಲ್ಲ ಬಿಡಿ ಸ್ವಾಮಿ" ಎಂದುಬಿಟ್ಟರು ಪಟೇಲರು. ನಾನು ಕಂಬದ ಮರೆಯಿಂದ ಹೇಗೋ ಹೇಳಿದೆ: "ಹುಳ ಜ್ವರಕ್ಕೆ ಕೂತ ದಿನ ಸೊಪ್ಪು ತಿನ್ನಲ್ಲ. ಆವತ್ತು ಗುಂಡು ಹೊಡ್ಕೊಳ್ಳಿ."

ಪೊರೆ ಬಿಡುವ ಮೊದಲು ಹುಳು ತಲೆಯೆತ್ತಿ ಒಂದು ದಿನ ನಿದ್ದೆ ಹೋಗುತ್ತದೆ. ಅದನ್ನೇ ನಾವು ಜ್ವರ ಎನ್ನುವುದು. ಒಂದು ಬೆಳೆಗೆ ನಾಲ್ಕು ಜ್ವರ. ಅಮಲ್ದಾರರು ಅದನ್ನು ಕ್ಯಾಪ್ಟನ್‌ಗೆ ಇಂಗ್ಲಿಷಿನಲ್ಲಿ ತಿಳಿಸಿದರು. ಆತ ಒಪ್ಪಿದ.

ಎಲ್ಲರ ಹುಳುವೂ ಒಟ್ಟಿಗೆ ಮಲಗಲೆಂದು ಊರೆಲ್ಲ ಒಂದೇ ದಿನ ಹುಳುಮರಿ ಮೇಯಿಸಲು ಶುರುಮಾಡಿತು. ಜ್ವರದ ಹಿಂದಿನ ಸಂಜೆ ಮನೆಮನೆಗೆ ಹೋಗಿ ಕೇಳಿ, "ನಾಳೆ ಹುಳು ಮಲಗುತ್ತದೆ" ಎಂದು ಸೈನ್ಯದ ಶಿಬಿರಕ್ಕೆ ಚೀಟಿ ಬರೆಯುವುದು ನನ್ನ ಕೆಲಸ.

"ಏನ್ ಕಣೇ, ನಮ್ಮ ಹುಳಾನ ಕೇಳ್ಕೊಂಡು ಫಿರಂಗಿ ಹೊಡೀತಾರಂತಾ?" ಎಂದು ಪಕ್ಕದ ಮನೆಯ ಪಾಪಮ್ಮತ್ತೆ ನಗುತ್ತಿದ್ದರು.

ಮೊದಲ ಮೂರು ಜ್ವರದ ದಿನಗಳು ಈಗಲೂ ಕನಸಿನಂತಿವೆ. ತಟ್ಟೆ ತುಂಬ ತಲೆಯೆತ್ತಿ ನಿಂತ ಹುಳುಗಳು. ಬೆಟ್ಟದ ಕಡೆಯಿಂದ ಗುಂಡಿನ ಸದ್ದು ತೇಲಿ ಬಂದರೆ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು, ಹುಳು ಏಳುತ್ತಿರಲಿಲ್ಲ. ಊರಿಗೆ ಊರೇ ಮೆಲ್ಲಗೆ ಮಾತಾಡುತ್ತಿತ್ತು.

ನಾಲ್ಕನೆಯ ಜ್ವರದಲ್ಲಿ ನಾನು ತಪ್ಪು ಮಾಡಿದೆ. ದೃಷ್ಟಿಯಾದೀತೆಂದು ಹುಳು ಸಾಕುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಒಳಗೆ ಬರಲೇ ಎಂದು ಕೇಳಲು ನನಗೂ ಸಂಕೋಚ.

"ಅತ್ತೆ, ನಾಳೆ ಮಲಗ್ತವಾ?" ಎಂದೆ ಪಾಪಮ್ಮತ್ತೆಯ ಹೊಸ್ತಿಲಾಚೆಯಿಂದ.

"ಮಲಗ್ತವೆ, ಹೋಗೇ."

ಹಾಗೆಯೇ ಬರೆದೆ. ಬೆಳಿಗ್ಗೆ ಬಾವುಟ ಏರಿತ್ತು. ಪಾಪಮ್ಮತ್ತೆ ಬುಟ್ಟಿ ಹೊತ್ತು ತೋಟದೊಳಗೆ ಇಳಿಯುತ್ತಿದ್ದರು! ಅವರ ಹುಳು ಒಂದು ದಿನ ಹಿಂದಿತ್ತು, ಇನ್ನೂ ಸೊಪ್ಪು ಬೇಕಿತ್ತು. ಹೇಳಲು ನಾಚಿಕೊಂಡಿದ್ದರು. ನಾನು ಬಾವುಟದ ಕಡೆಗೆ ಓಡಿದೆ. ಕಾವಲಿನ ಸಿಪಾಯಿ ತೆಲುಗಿನವನು. "ಆಪಂಡಿ! ಆಪಂಡಿ!" ನಿಲ್ಲಿಸಿ ಎಂದು ಅವನ ಭಾಷೆಯಲ್ಲೇ ಗಂಟಲು ಹರಿಯುವಂತೆ ಕೂಗಿದೆ. ಬಾವುಟ ಇಳಿಯಿತು.

ಪಾಪಮ್ಮತ್ತೆ ಸೊಪ್ಪು ತುಂಬಿಕೊಂಡೇ ಬಂದರು. "ಅಷ್ಟು ದೊಡ್ಡ ಗಂಟ್ಲು ಎಲ್ಲಿಟ್ಕೊಂಡಿದ್ಯೇ?" ಎನ್ನುತ್ತ ಬುಟ್ಟಿ ಇಳಿಸಿದರು.

ಆಮೇಲೆ ಪ್ರತಿ ಮನೆಯ ತಟ್ಟೆಯನ್ನೂ ಒಳಗೆ ಹೋಗಿ ಕಣ್ಣಾರೆ ನೋಡದೆ ನಾನು ಚೀಟಿ ಬರೆಯಲಿಲ್ಲ. ಕೆಲವರು ಬೈದರು. ಬೈಸಿಕೊಂಡು ಒಳಗೆ ಹೋಗುವುದನ್ನು ಆ ಕೆಲಸ ನನಗೆ ಕಲಿಸಿತು.